ಕ್ರೀಡಾಕೂಟ ಅಹಮದಾಬಾದಿಗೆ ಬಂತು, ಶಾಲೆಗೆ ಮ್ಯಾಟ್ ಯಾವಾಗ?

ಕಳೆದ ನವೆಂಬರ್‌ನಲ್ಲಿ 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಸಿಕ್ಕಿತು ಎಂಬ ಸುದ್ದಿ ಬಂದಾಗ ನಾನು ಹಿಂಜೆವಾಡಿಯ ಆಫೀಸ್ ಬಸ್ಸಿನಲ್ಲಿದ್ದೆ. ಮೊಬೈಲಿನಲ್ಲಿ ಕ್ರೀಡೆಗಳ ಪಟ್ಟಿ ನೋಡಿದೆ. ಆರ್ಟಿಸ್ಟಿಕ್ ಜಿಮ್ನಾಸ್ಟಿಕ್ಸ್ ಇತ್ತು. ತಲೆ ತಾನಾಗಿಯೇ ಲೆಕ್ಕಕ್ಕೆ ಕೂತಿತು. ಅಂತಾರಾಷ್ಟ್ರೀಯ ನಿಯಮದಂತೆ ಹೆಣ್ಣುಮಕ್ಕಳು ಹಿರಿಯರ ವಿಭಾಗದಲ್ಲಿ ಸ್ಪರ್ಧಿಸಬೇಕಾದರೆ ಆ ವರ್ಷ 16 ತುಂಬಬೇಕು. ಅಂದರೆ 2014ರಲ್ಲಿ ಅಥವಾ ಅದಕ್ಕೂ ಮೊದಲು ಹುಟ್ಟಿದವರು. 2030ರಲ್ಲಿ ಭಾರತದ ಪರ ಬೀಮ್ ಮೇಲೆ ನಿಲ್ಲಬೇಕಾದ ಹುಡುಗಿಯರಲ್ಲಿ ಹಲವರು ಇವತ್ತು ಆರು, ಏಳು, ಎಂಟನೇ ಕ್ಲಾಸಿನಲ್ಲಿದ್ದಾರೆ. ಅಂಥ ಹದಿನಾಲ್ಕು ಹುಡುಗಿಯರನ್ನು ನಾನು ಪ್ರತಿ ಶನಿವಾರ, ಭಾನುವಾರ ಬೆಳಿಗ್ಗೆ ನೋಡುತ್ತೇನೆ. ಅವರಲ್ಲಿ ಒಬ್ಬಳ ಬಲಗೈ ಇನ್ನೂ ಪೂರ್ತಿ ನೆಟ್ಟಗಾಗುವುದಿಲ್ಲ. ಅದರಲ್ಲಿ ನನ್ನ ಪಾಲೂ ಇದೆ.

ನನ್ನದು ಬಾಗಲಕೋಟೆ ಕಡೆ. ತುಳಸಿಗೇರಿಯಂಥ ಊರುಗಳಲ್ಲಿ ಮಲ್ಲಕಂಬ ಹತ್ತುವ ಮಕ್ಕಳನ್ನು ನೋಡಿಯೇ ನನಗೂ ಹುಚ್ಚು ಹಿಡಿದದ್ದು. ಮುಂದೆ ಎಂಜಿನಿಯರಿಂಗ್ ಓದುವಾಗ ವಿಶ್ವವಿದ್ಯಾಲಯದ ಜಿಮ್ನಾಸ್ಟಿಕ್ಸ್ ತಂಡದಲ್ಲಿದ್ದೆ. ಎಂಟೆಕ್ ಮುಗಿಸಿ ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಈ ಊರಿಗೂ ಕಂಬಕ್ಕೂ ಹಳೆಯ ನಂಟು. ಎರಡನೇ ಬಾಜೀರಾಯನ ಕಾಲದಲ್ಲಿ ಬಾಳಂಭಟ್ಟ ದೇವಧರ ಎಂಬ ಗುರು ಮಲ್ಲಕಂಬಕ್ಕೆ ಮರುಜೀವ ಕೊಟ್ಟ ಎಂದು ಇಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ನಮ್ಮ ಮನೆ ಹತ್ತಿರದ ಮರಾಠಿ ಮಾಧ್ಯಮದ ಹೈಸ್ಕೂಲೊಂದರಲ್ಲಿ ಹುಡುಗಿಯರ ತಂಡವಿತ್ತು, ಕಲಿಸುವವರು ದೈಹಿಕ ಶಿಕ್ಷಕರೊಬ್ಬರು. ಹುಡುಗಿಯರ ತಂಡದ ಜೊತೆ ಹೆಂಗಸೊಬ್ಬಳು ಇರಬೇಕು ಎಂದು ಮುಖ್ಯೋಪಾಧ್ಯಾಯಿನಿ ಪಟ್ಟು ಹಿಡಿದಾಗ ಯಾರೋ ನನ್ನ ಹೆಸರು ಹೇಳಿದರು. ಸುಮ್ಮನೆ ನಿಂತಿದ್ದರೆ ಸಾಕು ಅಂದಿದ್ದರು. ಎರಡು ತಿಂಗಳಲ್ಲಿ ಅರ್ಧ ತರಬೇತಿ ನನ್ನ ಕೈಗೆ ಬಂದಿತ್ತು. ನನ್ನ ಬಳಿ ಕೋಚಿಂಗ್ ಪ್ರಮಾಣಪತ್ರ ಇಲ್ಲ. ಯಾರೂ ಕೇಳಲಿಲ್ಲ. ಆಫೀಸಿನಲ್ಲಿ ಒಂದು ಸಾಲು ಕೋಡ್ ಬದಲಿಸಿದರೂ ಇನ್ನಿಬ್ಬರು ನೋಡಿ ಒಪ್ಪಬೇಕು.

ಕಳೆದ ಜುಲೈನ ಮೂರನೇ ಶನಿವಾರ. ಎಂಟನೇ ಕ್ಲಾಸಿನ ಹುಡುಗಿ. ಅಪ್ಪ ಸೆಂಟ್ರಿಂಗ್ ಕೆಲಸ, ಅವ್ವ ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್. ಮುದ್ದೇಬಿಹಾಳ ತಾಲ್ಲೂಕಿನವರು. ಆ ಹುಡುಗಿ ನನ್ನ ಜೊತೆ ಕನ್ನಡ, ಗೆಳತಿಯರ ಜೊತೆ ಮರಾಠಿ. ರೌಂಡ್ ಆಫ್ ಮಾಡಿ ಅದರ ಬೆನ್ನಿಗೇ ಹಿಂದಕ್ಕೆ ಲಾಗ ಹಾಕುವುದನ್ನು ಅಭ್ಯಾಸ ಮಾಡುತ್ತಿದ್ದಳು. ಬೇಸಿಗೆ ರಜೆಗೆ ಮೊದಲು ನಾನು ಸೊಂಟಕ್ಕೆ ಕೈ ಕೊಟ್ಟು ಇಪ್ಪತ್ತು ಸಲವಾದರೂ ಮಾಡಿಸಿದ್ದೆ. ಕೊನೆಯ ಕೆಲವು ಸಲ ನನ್ನ ಕೈ ಬರೀ ಹೆಸರಿಗೆ ಇತ್ತು. ಜಿಲ್ಲಾ ಮಟ್ಟದ ಶಾಲಾ ಸ್ಪರ್ಧೆ ಹತ್ತಿರ ಬರುತ್ತಿತ್ತು. 14ರೊಳಗಿನ ಗುಂಪಿನಲ್ಲಿ ಆಕೆಗೆ ಅದು ಕೊನೆಯ ವರ್ಷ, ಮುಂದಿನ ವರ್ಷ 17ರೊಳಗಿನ ದೊಡ್ಡ ಹುಡುಗಿಯರ ಜೊತೆ ನಿಲ್ಲಬೇಕು. ಪದಕ ಬಂದರೆ ಈ ವರ್ಷವೇ ಬರಬೇಕು ಎಂದು ಶಿಕ್ಷಕರು ಹೇಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. "ಇವತ್ತು ನಾ ಕೈ ಹಚ್ಚಂಗಿಲ್ಲ, ನೀನ ಮಾಡು" ಅಂದೆ.

ಮೇಲೇನೋ ಹೋದಳು, ಪೂರ್ತಿ ತಿರುಗಲಿಲ್ಲ. ಬೀಳುವಾಗ ಹಿಂದೆ ಕೈ ಊರಿದಳು. ಊರಿದ ಕೈ ಎರಡು ಮ್ಯಾಟ್‌ಗಳ ನಡುವಿನ ಸಂದಿಯಲ್ಲಿ ಹೋಯಿತು. ಮೊಣಕೈ ತಪ್ಪಿತ್ತು, ಜೊತೆಗೆ ಸಣ್ಣ ಮುರಿತ. ಆಂಬ್ಯುಲೆನ್ಸ್‌ಗೆ ಕಾಯದೆ ನನ್ನ ಕಾರಿನಲ್ಲೇ ಆಸ್ಪತ್ರೆಗೆ ಒಯ್ದೆವು. ಅವ್ವ ಕೆಲಸದ ಸಮವಸ್ತ್ರದಲ್ಲೇ ಓಡಿ ಬಂದಳು. "ಅಕ್ಕಾರ, ಆಕಿ ಕೈ ನೆಟ್ಟಗ ಆಗ್ತೈತಿಲ್ರೀ?" ಅಂದಳು. ಬೈದಿದ್ದರೆ ಹಗುರ ಅನ್ನಿಸುತ್ತಿತ್ತೇನೋ. "ನೀವ್ ಅದೀರಿ ಅಂತನ ಕಳ್ಸೀವ್ರೀ" ಅಂದಳು.

ಅವತ್ತು ರಾತ್ರಿ ಲೆಕ್ಕ ಹಾಕಿದೆ, ಮೊದಲೇ ಹಾಕಬೇಕಿತ್ತು. ಮಾರ್ಚ್‌ನಲ್ಲಿ ಆಕೆಯ ಎತ್ತರ 142 ಸೆಂ.ಮೀ. ಇತ್ತು, ಆಸ್ಪತ್ರೆಯಲ್ಲಿ ಅಳೆದಾಗ 147. ಎತ್ತರದ ಪ್ರಮಾಣಕ್ಕೆ ತಕ್ಕಂತೆ ಮೈಯೂ ತುಂಬಿದೆ ಎಂದುಕೊಂಡರೆ, ದೇಹ ತಿರುಗಲು ಒಡ್ಡುವ ತಡೆ, ಅಂದರೆ ಪಿಯುಸಿಯಲ್ಲಿ ಎಲ್ಲರೂ ಓದಿದ ಮೊಮೆಂಟ್ ಆಫ್ ಇನರ್ಷಿಯಾ, ಎತ್ತರದ ಐದನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಐದು ಸೆಂಟಿಮೀಟರ್‌ಗೆ ಸುಮಾರು 19 ಪರ್ಸೆಂಟ್ ಹೆಚ್ಚು. ಮಾರ್ಚ್‌ನಲ್ಲಿ ಲಾಗ ಹಾಕಿದ ಹುಡುಗಿಯ ದೇಹ ಜುಲೈನಲ್ಲಿ ಇರಲಿಲ್ಲ. ಆಕೆಯ ಧೈರ್ಯ ಹಾಗೇ ಇತ್ತು, ನನ್ನ ನಂಬಿಕೆಯೂ ಹಾಗೇ ಇತ್ತು. 12ರಿಂದ 14ರ ನಡುವೆ ಹುಡುಗಿಯರು ಗಳಿಸಿದ ಕೌಶಲವನ್ನು ಕಳೆದುಕೊಂಡಂತೆ ಕಾಣುವುದು ಇದಕ್ಕೇ. ಸೋಮಾರಿಯಾದಳು, ದಪ್ಪಗಾದಳು ಎಂದು ಬೈಯುವ ಕೋಚ್‌ಗಳನ್ನು ನಾನು ಕಂಡಿದ್ದೇನೆ. ಬೈಸಿಕೊಂಡವಳು ಊಟ ಬಿಡುತ್ತಾಳೆ, ಮುಟ್ಟು ಏರುಪೇರಾಗುತ್ತದೆ, ಎಲುಬು ಸೋಲುತ್ತದೆ. ನಮ್ಮ ಹಾಲ್‌ನಲ್ಲಿದ್ದ ತೂಕದ ಯಂತ್ರವನ್ನು ಈಗ ಹೊರಗೆ ಹಾಕಿದ್ದೇವೆ. ಎತ್ತರ ಮಾತ್ರ ತಿಂಗಳಿಗೊಮ್ಮೆ ಬರೆದಿಡುತ್ತೇವೆ. ಗೆರೆ ಏಕಾಏಕಿ ಮೇಲಕ್ಕೆ ಹೋದರೆ ಆ ಹುಡುಗಿ ಎರಡು ಹೆಜ್ಜೆ ಹಿಂದಿನ ಪಾಠಕ್ಕೆ ಮರಳುತ್ತಾಳೆ.

ಹುಡುಗಿ ಬಿದ್ದ ಮೂರು ವಾರಕ್ಕೆ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಮಸೂದೆಯನ್ನು ಅಂಗೀಕರಿಸಿತು. ಆಗಸ್ಟ್‌ನಲ್ಲೇ ಅದು ಕಾಯ್ದೆಯೂ ಆಯಿತು. ಒಳ್ಳೆಯ ಕಾಯ್ದೆ ಎಂದೇ ನನ್ನ ಅಭಿಪ್ರಾಯ. ರಾಷ್ಟ್ರೀಯ ಕ್ರೀಡಾ ಮಂಡಳಿ, ಕ್ರೀಡಾ ನ್ಯಾಯಮಂಡಳಿ, ಫೆಡರೇಷನ್‌ಗಳಲ್ಲಿ ಆಟಗಾರರ ಮತ್ತು ಹೆಂಗಸರ ಪ್ರಾತಿನಿಧ್ಯ, ಹೆಣ್ಣುಮಕ್ಕಳು ಹಾಗೂ ಅಪ್ರಾಪ್ತರ ರಕ್ಷಣೆಗೆ ಸುರಕ್ಷಿತ ಕ್ರೀಡಾ ನೀತಿ, ಎಲ್ಲ ಇದೆ. 2023ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಕುಸ್ತಿಪಟುಗಳು ಕೂತದ್ದನ್ನು ನೋಡಿದವರಿಗೆ ಇದು ಯಾಕೆ ಬೇಕಿತ್ತು ಎಂದು ಹೇಳಬೇಕಾಗಿಲ್ಲ. ಆದರೆ ಕಾಯ್ದೆಯ ಕಣ್ಣು ಇರುವುದು ಫೆಡರೇಷನ್‌ಗಳ ಮೇಲೆ. ಮಗು ಮೊದಲು ಬೀಳುವುದು ಫೆಡರೇಷನ್‌ನ ಹಾಲ್‌ನಲ್ಲಿ ಅಲ್ಲ, ಶಾಲೆಯಲ್ಲಿ. ಅಲ್ಲಿ ಯಾರು ಲಾಗ ಕಲಿಸಬಹುದು, ಯಾವ ದಪ್ಪದ ಮ್ಯಾಟ್ ಮೇಲೆ ಕಲಿಸಬಹುದು ಎಂದು ನನ್ನನ್ನು ಕೇಳಲು ಇಷ್ಟು ವರ್ಷದಲ್ಲಿ ಒಬ್ಬ ಅಧಿಕಾರಿಯೂ ಬಂದಿಲ್ಲ. ಶಾಲೆಯ ಅಗ್ನಿಶಾಮಕ ಸಿಲಿಂಡರ್ ತಪಾಸಣೆಗೆ ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಾರೆ.

ಬೇರೆ ದೇಶಗಳು ಈ ಪಾಠವನ್ನು ಬಹಳ ದೊಡ್ಡ ಬೆಲೆ ಕೊಟ್ಟು ಕಲಿತವು. ಅಮೆರಿಕದಲ್ಲಿ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ನೂರಾರು ಜಿಮ್ನಾಸ್ಟ್‌ಗಳ ಮೇಲೆ ನಡೆಸಿದ ದೌರ್ಜನ್ಯ ಬಯಲಾಗಿ 2018ರಲ್ಲಿ ಶಿಕ್ಷೆಯಾಯಿತು. ಅದೇ ವರ್ಷ ಅಲ್ಲಿ ಹೊಸ ಕಾನೂನು ಬಂತು. ಅದರ ಬೆನ್ನಿಗೆ ಬಂದ ಒಂದು ನಿಯಮ ಸರಳವಾದದ್ದು: ವಯಸ್ಕ ಕೋಚ್ ಮತ್ತು ಮಗು ಇಬ್ಬರೇ ಇರುವ ಯಾವ ಹೊತ್ತೂ ಬೇರೆಯವರ ಕಣ್ಣಿಗೆ ಬೀಳುವಂತಿರಬೇಕು, ಬೇರೆಯವರು ನಡುವೆ ಬರುವಂತಿರಬೇಕು. ಬ್ರಿಟನ್ನಿನಲ್ಲಿ 2022ರಲ್ಲಿ ಬಂದ ವೈಟ್ ವರದಿ ಬೈಗುಳ, ತೂಕದ ಗೀಳು, ಗಾಯವಾಗಿದ್ದರೂ ಆಡಿಸುವುದು ಇವೆಲ್ಲ ಅಲ್ಲಿನ ಜಿಮ್ನಾಸ್ಟಿಕ್ಸ್‌ನಲ್ಲಿ ವ್ಯವಸ್ಥೆಯ ಭಾಗವೇ ಆಗಿದ್ದವು ಎಂದಿತು. ಸ್ಪಾಟಿಂಗ್ ಇಲ್ಲದೆ ಈ ಆಟವನ್ನು ಕಲಿಸಲಾಗದು. ಸ್ಪಾಟಿಂಗ್ ಅಂದರೆ ಮಗುವಿನ ಸೊಂಟ, ಬೆನ್ನು, ತೊಡೆಗೆ ಕೈ ಕೊಡುವುದು. ಎಲ್ಲಿ ಮುಟ್ಟುತ್ತೇನೆ, ಯಾಕೆ ಮುಟ್ಟುತ್ತೇನೆ ಎಂದು ಎಲ್ಲರೆದುರು ಮೊದಲೇ ಹೇಳಿ, ಬೇಡ ಅನ್ನುವ ಹಕ್ಕು ನಿನಗಿದೆ ಎಂದೂ ಹೇಳಬೇಕು. ಇದನ್ನು ನಾನು ನಾಲ್ಕನೇ ವರ್ಷದಲ್ಲಿ ಕಲಿತೆ, ಅದೂ ಹುಡುಗಿಯೊಬ್ಬಳು ಹಿಂದೆ ಸರಿದಾಗ.

ನಮ್ಮಲ್ಲಿ ಇನ್ನೊಂದು ರೋಗವಿದೆ. ದೀಪಾ ಕರ್ಮಾಕರ್ ಅವರ ಕತೆಯನ್ನು ನಾವು ಹೇಳುವ ರೀತಿ ನೋಡಿ. 2016ರ ರಿಯೋದಲ್ಲಿ ವಾಲ್ಟ್ ಫೈನಲ್‌ನಲ್ಲಿ 15.066 ಅಂಕ, ಕಂಚು ಕೈ ತಪ್ಪಿದ್ದು 0.150ರಿಂದ. ಆ ಸಾಧನೆಗೆ ಸಾಟಿಯಿಲ್ಲ. ಅಗರ್ತಲಾದಲ್ಲಿ ಹಳೆಯ ಸ್ಕೂಟರ್‌ನ ಬಿಡಿಭಾಗಗಳಿಂದ ಮಾಡಿದ ಸಲಕರಣೆಯ ಮೇಲೆ ಅಭ್ಯಾಸ ಶುರು ಮಾಡಿದರು ಎಂಬ ಮಾತು ಪ್ರತಿ ಲೇಖನದಲ್ಲೂ ಬರುತ್ತದೆ, ಓದಿದವರು ಕಣ್ಣೊರೆಸಿಕೊಳ್ಳುತ್ತಾರೆ. ನಾನೂ ಒರೆಸಿಕೊಂಡವಳೇ. ಈಗ ಅದೇ ಸಾಲು ಓದಿದರೆ ಹೊಟ್ಟೆಯಲ್ಲಿ ತಳಮಳ. ಅಂಥ ಸಲಕರಣೆಯ ಮೇಲೆ ಹಾರಿ ಗೆದ್ದವರು ಒಬ್ಬರು, ಬಿದ್ದು ಮನೆಗೆ ಹೋದವರನ್ನು ಯಾರು ಎಣಿಸಿದ್ದಾರೆ? ಕ್ರಿಕೆಟ್‌ನಲ್ಲಿ ಟೆನಿಸ್ ಬಾಲ್, ಮುರಿದ ಬ್ಯಾಟ್ ನಡೆಯುತ್ತದೆ. ಜಿಮ್ನಾಸ್ಟಿಕ್ಸ್‌ನಲ್ಲಿ ಬೀಳುವುದು ಅಪಘಾತವಲ್ಲ, ಅಭ್ಯಾಸದ ಭಾಗ. ದಿನಕ್ಕೆ ಹತ್ತು ಸಲ ಬೀಳಲೇಬೇಕಾದ ಆಟದಲ್ಲಿ ಜುಗಾಡ್ ಅಂದರೆ ಮಗುವಿನ ಮೊಣಕೈಯನ್ನು ಅಡವಿಟ್ಟಂತೆ.

ಹಾಗಾದರೆ ಮಾನದಂಡ ಬಿಗಿ ಮಾಡಿಬಿಡಿ ಅನ್ನುವುದು ಸುಲಭ. ಅದರ ಇನ್ನೊಂದು ಮುಖವನ್ನೂ ನಾನು ಕಂಡೆ. ಅಪಘಾತದ ಮರುವಾರವೇ ಶಾಲೆಯ ಆಡಳಿತ ಮಂಡಳಿ ಜಿಮ್ನಾಸ್ಟಿಕ್ಸ್ ನಿಲ್ಲಿಸಿ ಯೋಗ ಮಾಡಿಸಿ ಎಂದಿತು. ಯೋಗಕ್ಕೆ ಚಾಪೆ ಸಾಕು, ಕೋರ್ಟು ಕಚೇರಿಯ ಭಯವಿಲ್ಲ. ಎಲ್ಲ ಬಡ ಶಾಲೆಗಳೂ ಹೀಗೇ ಮಾಡಿದರೆ ಈ ಆಟ ಬಾಣೇರ್, ಬಾಲೇವಾಡಿಯ ಖಾಸಗಿ ಅಕಾಡೆಮಿಗಳಿಗೆ ಹೋಗುತ್ತದೆ. ಅಲ್ಲಿ ಫೋಮ್ ತುಂಬಿದ ಗುಂಡಿ ಇದೆ, ಸ್ಪ್ರಿಂಗ್ ಇರುವ ಫ್ಲೋರ್ ಇದೆ, ಸೆಂಟ್ರಿಂಗ್ ಕೆಲಸದವನ ಮಗಳು ಇಲ್ಲ. ಇದೇ ಬಾಲೇವಾಡಿಯ ಕ್ರೀಡಾಂಗಣವನ್ನು 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸರ್ಕಾರದ ದುಡ್ಡಿನಲ್ಲಿ ಕಟ್ಟಿದ್ದು. ನಮ್ಮ ಶಾಲೆಯಿಂದ ಅಲ್ಲಿಗೆ ಎರಡು ಬಸ್ ಬದಲಿಸಬೇಕು. ಮಕ್ಕಳು ಅಲ್ಲಿನ ಹಾಲ್ ನೋಡಿದ್ದು ಒಂದೇ ಸಲ, ಪ್ರೇಕ್ಷಕರಾಗಿ.

ನನಗೆ ಕಾಣುವ ದಾರಿ ನಡುವಿನದು. ಶಾಲೆಯಲ್ಲಿ ಏನಿದೆಯೋ ಅದಕ್ಕೆ ತಕ್ಕಷ್ಟೇ ಕಲಿಸಲು ಅನುಮತಿ ಇರಲಿ. ಸಾಧಾರಣ ಮ್ಯಾಟ್ ಇದ್ದರೆ ಕೈ ಮೇಲೆ ನಿಲ್ಲುವುದು, ಕಾರ್ಟ್‌ವೀಲ್, ಬ್ರಿಡ್ಜ್, ನೆಲದಿಂದ ಗೇಣೆತ್ತರದ ಬೀಮ್. ಇಷ್ಟರಲ್ಲೇ ಮೂರು ವರ್ಷದ ಪಾಠವಿದೆ, ಮಕ್ಕಳಿಗೆ ಬೇಸರವಾಗುವುದಿಲ್ಲ. ಎರಡೂ ಪಾದ, ಎರಡೂ ಕೈ ನೆಲ ಬಿಡುವ ಯಾವ ಪಟ್ಟೂ ದಪ್ಪ ಲ್ಯಾಂಡಿಂಗ್ ಮ್ಯಾಟ್ ಮತ್ತು ತರಬೇತಿ ಪಡೆದ ಕೋಚ್ ಇಲ್ಲದೆ ಬೇಡ. ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಕೋಚ್‌ಗಳಿಗೆ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತದೆ. ದೈಹಿಕ ಶಿಕ್ಷಕರು ಆರು ವಾರ ಶಾಲೆ ಬಿಟ್ಟು ಹೋಗುವುದು ಕಷ್ಟ, ನನ್ನಂಥವರಿಗೆ ಅಷ್ಟು ರಜೆ ಸಿಗುವುದಿಲ್ಲ. ಅದರ ಸಣ್ಣ ರೂಪವೊಂದನ್ನು ಜಿಲ್ಲಾ ಕೇಂದ್ರಗಳಿಗೆ ವಾರಾಂತ್ಯದಲ್ಲಿ ತರುವುದು ಕ್ರೀಡಾಂಗಣ ಕಟ್ಟುವುದಕ್ಕಿಂತ ಎಷ್ಟೋ ಅಗ್ಗ.

ಇದಕ್ಕಿಂತ ಮುಖ್ಯವಾದದ್ದು ಅಂಕ. ಈ ಆಟದಲ್ಲಿ ಎರಡು ಅಂಕಗಳಿವೆ. ಪಟ್ಟು ಎಷ್ಟು ಕಷ್ಟದ್ದು ಎಂಬುದಕ್ಕೆ ಒಂದು. ಎಷ್ಟು ಚೊಕ್ಕವಾಗಿ ಮಾಡಿದಳು ಎಂಬುದಕ್ಕೆ ಇನ್ನೊಂದು. ಎರಡನೆಯದು 10ರಿಂದ ಶುರುವಾಗಿ ತಪ್ಪಿಗೆ ತಕ್ಕಂತೆ ಇಳಿಯುತ್ತದೆ, ಸಣ್ಣ ತಪ್ಪಿಗೆ 0.1, ಬಿದ್ದರೆ ಪೂರ್ತಿ 1. ನಾನು ಕಂಡ ಸಣ್ಣ ಮಟ್ಟದ ಸ್ಪರ್ಧೆಗಳಲ್ಲಿ ಒಂದು ಓರೆಕೋರೆ ಲಾಗ ಹತ್ತು ನೇರವಾದ ಕಾರ್ಟ್‌ವೀಲ್‌ಗಳನ್ನು ಸೋಲಿಸುತ್ತದೆ, ಯಾಕೆಂದರೆ ನೋಡುವವರು ಚಪ್ಪಾಳೆ ಹೊಡೆಯುವುದು ಲಾಗಕ್ಕೆ. ಸಾಫ್ಟ್‌ವೇರ್‌ನವರಿಗೆ ಇದು ಗೊತ್ತಿರುವ ಸಂಗತಿ. ಎಷ್ಟು ಟಿಕೆಟ್ ಮುಗಿಸಿದೆ ಎಂದು ಅಳೆದರೆ ಟಿಕೆಟ್‌ಗಳು ಮುಗಿಯುತ್ತವೆ, ಕೆಲಸ ಮುಗಿಯುವುದಿಲ್ಲ. 14ರೊಳಗಿನವರಿಗೆ ಜಿಲ್ಲಾ ಮಟ್ಟದಲ್ಲಿ ಎಲ್ಲರಿಗೂ ಒಂದೇ ನಿಗದಿತ ಪಟ್ಟುಗಳ ಸರಣಿ ಕೊಟ್ಟು, ಅದನ್ನು ಎಷ್ಟು ಚೊಕ್ಕವಾಗಿ ಮಾಡುತ್ತಾರೆ ಎಂಬುದಕ್ಕಷ್ಟೇ ಅಂಕ ಕೊಟ್ಟರೆ, ನನ್ನಂಥ ಕೋಚ್ ಜುಲೈ ತಿಂಗಳಲ್ಲಿ ಕೈ ತೆಗೆಯುವ ಅವಸರ ಮಾಡುತ್ತಿರಲಿಲ್ಲ. ಇದಕ್ಕೆ ಸಂಸತ್ತು ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಇದರಿಂದ ಪ್ರತಿಭೆ ಮುರುಟುತ್ತದೆ ಎಂದು ನಮ್ಮ ದೈಹಿಕ ಶಿಕ್ಷಕರು ಈಗಲೂ ವಾದಿಸುತ್ತಾರೆ. 14ರ ಹರೆಯದಲ್ಲಿ ನಾದಿಯಾ ಕೊಮನೆಚಿ 1976ರಲ್ಲಿ ಹತ್ತಕ್ಕೆ ಹತ್ತು ತೆಗೆದದ್ದನ್ನು ನೆನಪಿಸುತ್ತಾರೆ. ಕನಿಷ್ಠ ವಯಸ್ಸನ್ನು 16ಕ್ಕೆ ಏರಿಸಿದ್ದೇ ಅದಾದ ಮೇಲೆ ಎಂದು ನಾನು ನೆನಪಿಸುತ್ತೇನೆ. ಉಜ್ಬೆಕಿಸ್ತಾನದ ಒಕ್ಸಾನಾ ಚುಸೊವಿಟಿನಾ ಟೋಕಿಯೊದಲ್ಲಿ 46ನೇ ವಯಸ್ಸಿನಲ್ಲಿ ವಾಲ್ಟ್ ಮಾಡಿದರು. ಸಿಮೋನ್ ಬೈಲ್ಸ್ ಅದೇ ಟೋಕಿಯೊದಲ್ಲಿ ಗಾಳಿಯಲ್ಲಿ ದಿಕ್ಕು ತಪ್ಪುತ್ತಿದೆ ಎಂದು ತಂಡದ ಫೈನಲ್‌ನಿಂದ ಹಿಂದೆ ಸರಿದು, ಮೂರು ವರ್ಷದ ಮೇಲೆ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದರು. ವಾದ ಮುಗಿದಿಲ್ಲ. ಆದರೆ ಈಗ ಅವರು ಲಾಗ ಮಾಡಿಸುವ ಮುನ್ನ ಎತ್ತರದ ವಹಿ ನೋಡುತ್ತಾರೆ.

ಮುಖ್ಯೋಪಾಧ್ಯಾಯಿನಿ ನಮ್ಮ ಪರ ನಿಂತಿದ್ದರಿಂದ ತಂಡ ಉಳಿಯಿತು, ಲಾಗ ಮಾತ್ರ ಸದ್ಯಕ್ಕಿಲ್ಲ. ಮ್ಯಾಟ್‌ಗಳನ್ನು ಅಡಿಯಿಂದ ಬೆಲ್ಟ್ ಹಾಕಿ ಬಿಗಿದಿದ್ದೇವೆ, ಸಂದಿ ಇಲ್ಲ. ದಪ್ಪ ಲ್ಯಾಂಡಿಂಗ್ ಮ್ಯಾಟ್‌ಗೆ ನಾವು ಮೂರು ಕಡೆ ಅರ್ಜಿ ಹಾಕಿದ್ದೇವೆ. ಒಂದು ಕಡೆಯಿಂದ ಮುಂದಿನ ಆರ್ಥಿಕ ವರ್ಷದಲ್ಲಿ ನೋಡೋಣ ಎಂದು ಉತ್ತರ ಬಂದಿದೆ.

ಕೈ ಮುರಿದುಕೊಂಡ ಹುಡುಗಿ ಅಕ್ಟೋಬರ್‌ನಲ್ಲಿ ಹಾಲ್‌ಗೆ ವಾಪಸ್ ಬಂದಳು. ನಾನು ಕರೆದಿರಲಿಲ್ಲ, ಅವ್ವನೇ ಕರೆದುಕೊಂಡು ಬಂದಳು. "ಮನ್ಯಾಗ ಇದ್ರ ಸುಮ್ನ ಕೂಡಂಗಿಲ್ರೀ ಅಕ್ಕಾರ, ಕಟ್ಟಡದ ಮ್ಯಾಲ ಓಡಾಡ್ತಾಳ. ಇಲ್ಲೇ ಚಲೋ" ಅಂದಳು. ಈಗ ಕೆಳಗಿನ ಬೀಮ್ ಮೇಲೆ ಅಭ್ಯಾಸ ಮಾಡುತ್ತಾಳೆ, ಸಣ್ಣ ಹುಡುಗಿಯರ ಎತ್ತರ ಅಳೆದು ವಹಿಯಲ್ಲಿ ಬರೆಯುವುದೂ ಅವಳದೇ ಕೆಲಸ. ಹೋದ ಶನಿವಾರ ಅವಳ ಎತ್ತರ ನಾನು ಅಳೆದೆ. 151.