ಆನಿಮೆಯ ಚಿತ್ರವೈಭವವೂ ಸಂವಿಧಾನಕದ ದಾರಿದ್ರ್ಯವೂ

ಕಣ್ಣನ್ನು ಬೆರಗುಗೊಳಿಸಿದ ಮಾತ್ರಕ್ಕೆ ಕೃತಿಯು ಶ್ರೇಷ್ಠವಾಯಿತೆಂಬ ಮತವು ತರುಣ ಪ್ರೇಕ್ಷಕರಲ್ಲಿ ದಿನೇದಿನೇ ಬಲಿಯುತ್ತ ನಡೆದಿದೆ. ಜಮಖಂಡಿ, ಬೀಳಗಿಗಳ ವಿದ್ಯಾರ್ಥಿಗಳ ಕೈಯೊಳಗಿನ ಮೊಬೈಲಿನಲ್ಲಿಯೂ, ರಬಕವಿ-ಬನಹಟ್ಟಿಯ ಮಗ್ಗದ ಮನೆಗಳ ಮಕ್ಕಳ ಬಾಯಲ್ಲಿಯೂ ಜಪಾನದ ಆನಿಮೆಗಳ, ಅಂದರೆ ಬರೆದು ಚಲಿಸುವಂತೆ ಮಾಡಿದ ಚಿತ್ರಕಥೆಗಳ, ಹೆಸರುಗಳು ಸಲೀಸಾಗಿ ಆಡುತ್ತಿರುವವು. ಅವುಗಳಲ್ಲಿ ‘ಸೋಲೋ ಲೆವೆಲಿಂಗ್’ ಎಂಬ ಸರಣಿಗೆ 2025ರ ಮೇ ತಿಂಗಳಲ್ಲಿ ಕ್ರಂಚಿರೋಲ್ ಸಂಸ್ಥೆಯವರು ವರ್ಷದ ಆನಿಮೆ ಎಂಬ ಪ್ರಶಸ್ತಿಯನ್ನು ಕೊಟ್ಟ ಮೇಲಂತೂ, ಅದರಲ್ಲಿ ದೋಷವೆಣಿಸುವವನು ಅರಸಿಕನೆಂದೇ ತೀರ್ಮಾನವಾದಂತಿದೆ. ಪ್ರಶಸ್ತಿಯು ಪ್ರಮಾಣವಲ್ಲ, ಕೃತಿಯನ್ನೇ ನೋಡತಕ್ಕದ್ದು.

ಕೊರಿಯಾದ ಚುಗಾಂಗ್ ಎಂಬ ಅಂಕಿತದ ಲೇಖಕನ ಕಾದಂಬರಿಯು ಇದರ ಮೂಲ. ಡುಬು ಎಂಬ ಚಿತ್ರಕಾರನು ಅದಕ್ಕೆ ಚಿತ್ರರೂಪವನ್ನು ಕೊಟ್ಟನು. ಜಪಾನದ ಎ-1 ಪಿಕ್ಚರ್ಸ್ ಚಿತ್ರಶಾಲೆಯವರು 2024ರಲ್ಲಿ 12, 2025ರಲ್ಲಿ 13 ಕಂತುಗಳಾಗಿ ಅದನ್ನು ಚಲಿಸುವಂತೆ ಮಾಡಿದರು. ಅವರ ಕೈಗಾರಿಕೆಯನ್ನು ಹಳಿಯುವದು ಅನ್ಯಾಯವಾದೀತು. ಸಿಂಹಾಸನದ ಮಂಟಪದಲ್ಲಿ ಇಗ್ರಿಸನೆಂಬ ಕವಚಧಾರಿಯೊಡನೆ ನಡೆಯುವ ಕಾಳಗದಲ್ಲಿ ಒಂದೊಂದು ಹೊಡೆತಕ್ಕೂ ತೂಕವಿದೆ; ಸತ್ತ ವೀರರು ನೆರಳಿನೊಳಗಿಂದ ಮೇಲೇಳುವ ಬಗೆಯನ್ನು ಬರೆದ ಕೈಗಳು ಸಾಮಾನ್ಯ ಕೈಗಳಲ್ಲ.

ಕಥೆಯ ಮುಖಸಂಧಿಯೂ ಚೆನ್ನಾಗಿಯೇ ಇದೆ. ಬೇಟೆಗಾರರಲ್ಲಿ ಅತ್ಯಂತ ದುರ್ಬಲನಾದ ಸಂಗ್ ಜಿನ್‌ವೂ ಎಂಬ ತರುಣನು, ನಿದ್ರಾರೋಗದಲ್ಲಿ ಮುಳುಗಿದ ತಾಯಿಯ ಔಷಧೋಪಚಾರಕ್ಕಾಗಿ ಜೀವದ ಹಂಗನ್ನು ತೊರೆದು ದುಡಿಯುವನು. ಶಿಲಾಮೂರ್ತಿಗಳಿಂದ ತುಂಬಿದ ಗುಹೆಯೊಂದರಲ್ಲಿ ಉಳಿದವರನ್ನು ಹೊರಗೆ ಕಳುಹಿಸಿ ತಾನೊಬ್ಬನೇ ಮರಣಕ್ಕೆ ಈಡಾಗುವನು. ಈ ಎರಡು ಕಂತುಗಳನ್ನು ನೋಡಿದವನಿಗೆ, ಇಲ್ಲಿ ಕರುಣವೂ ವೀರವೂ ಕೂಡಿ ಬೆಳೆಯುವವೆಂಬ ಆಸೆಯು ಹುಟ್ಟುವದು ಸಹಜ.

ಆದರೆ ಮುಂದೇನಾಗುವದು? ಅದೃಶ್ಯವಾದ ಒಂದು ಯಂತ್ರವು ಅವನಿಗೆ ಬಲದ ಅಂಕಿಗಳನ್ನು ಕೊಡತೊಡಗುವದು. ದಿನಕ್ಕೆ ಇಷ್ಟು ವ್ಯಾಯಾಮ, ಇಷ್ಟು ಓಟ. ಕೊಂದರೆ ಇಷ್ಟು ಏರಿಕೆ. ಅಂದಿನಿಂದ ನಾಯಕನ ಲೆಕ್ಕವು ಬೆಳೆಯುವದೇ ಹೊರತು ನಾಯಕನು ಬೆಳೆಯನು. ಭರತಮುನಿಯು ಹೇಳಿದ ಪಂಚಸಂಧಿಗಳಲ್ಲಿ ಗರ್ಭ, ವಿಮರ್ಶಗಳೆರಡೂ ಇಲ್ಲಿ ಲೋಪವಾಗಿವೆ. ಫಲವು ಕೈಗೂಡುವದೋ ಇಲ್ಲವೋ ಎಂಬ ಸಂದೇಹವೇ ವಿಮರ್ಶಸಂಧಿಯ ಪ್ರಾಣ. ಗೆಲವು ಮೊದಲೇ ನಿಶ್ಚಯವಾದ ಯುದ್ಧದಲ್ಲಿ ಸಂದೇಹಕ್ಕೆ ಸ್ಥಳವೆಲ್ಲಿಯದು? ಜೇಜೂ ದ್ವೀಪದ ಪ್ರಕರಣವನ್ನೇ ನೋಡಬೇಕು. ಕೊರಿಯಾ, ಜಪಾನಗಳ ಹೆಸರಾದ ವೀರರೆಲ್ಲರೂ ಅಲ್ಲಿಗೆ ಬರುವದು ಇರುವೆಗಳ ಅರಸನಿಂದ ಪೆಟ್ಟುತಿನ್ನುವದಕ್ಕೆ. ಅವರು ಪೆಟ್ಟುತಿನ್ನುವದು ಜಿನ್‌ವೂ ಎಷ್ಟು ಬಲಿಷ್ಠನೆಂಬುದನ್ನು ತೋರಿಸುವದಕ್ಕೆ. ಆ ಅರಸನಾದರೂ ಸತ್ತ ಕೂಡಲೇ ನೆರಳಾಗಿ ಎದ್ದು ಕೊಂದವನ ಕಾಲಿಗೆ ಬೀಳುವನು. ವೈರಕ್ಕೆ ಹಿಂದಿಲ್ಲ, ಮುಂದಿಲ್ಲ. ತಾಯಿಯು ಕಣ್ಣು ತೆರೆಯುವ ಪ್ರಸಂಗವೊಂದೇ ಎರಡನೆಯ ಭಾಗದಲ್ಲಿ ಹೃದಯವನ್ನು ಮುಟ್ಟುವಂಥಾದ್ದು. ಅದಕ್ಕೆ ದೊರೆತ ಅವಕಾಶವು ಅತ್ಯಲ್ಪ. ಹಾಸಿನ ನೂಲು ದುರ್ಬಲವಾಗಿದ್ದರೆ ಸೆರಗಿನ ಬಣ್ಣವು ಸೀರೆಯನ್ನು ಕಾಯಲಾರದೆಂಬುದನ್ನು ಬನಹಟ್ಟಿಯ ನೇಕಾರನಿಗೆ ಯಾರೂ ಹೇಳಬೇಕಾಗಿಲ್ಲ.

‘ಇದು ವಿನೋದ, ಇದಕ್ಕೆ ಶಾಸ್ತ್ರವೇಕೆ?’ ಎಂದು ಕೆಲವರು ಕೇಳುವರು. ನಾಟ್ಯವು ದೇವತೆಗಳು ಬೇಡಿ ಪಡೆದ ಕ್ರೀಡನೀಯಕವೆಂದು ಭರತನೇ ಹೇಳಿರುವನಲ್ಲವೆ, ಎಂದು ಅವರಲ್ಲಿ ಬಲ್ಲವರು ಆಧಾರವನ್ನೂ ಕೊಡಬಹುದು. ನಿಜ. ಆದರೆ ಇತಿವೃತ್ತವೇ ನಾಟ್ಯದ ಶರೀರವೆಂದು ಹೇಳಿದವನೂ ಅವನೇ. ಶರೀರವಿಲ್ಲದ ಆಭರಣವನ್ನು ಯಾರಿಗೆ ತೊಡಿಸುವದು? ಅಷ್ಟೇ ಅಲ್ಲ, ಯುದ್ಧ, ಮರಣ, ನಗರದ ಮುತ್ತಿಗೆ ಇವುಗಳನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕಾದಿಗಳಿಂದ ಸೂಚಿಸಬೇಕೆಂದು ಅವನು ವಿಧಿಸಿದನು. ಭಾಸನ ‘ಊರುಭಂಗ’ದಲ್ಲಿ ಭೀಮದುರ್ಯೋಧನರ ಗದಾಯುದ್ಧವನ್ನು ಮೂವರು ಭಟರು ಬಾಯಿಂದ ಬಣ್ಣಿಸುವರು, ರಂಗದ ಮೇಲೆ ಬರುವದು ತೊಡೆಮುರಿದ ದುರ್ಯೋಧನ, ಅವನ ತಂದೆತಾಯಿ, ಅವನ ಎಳೆಯ ಮಗ. ಹೊಡೆತವನ್ನು ಮರೆಮಾಡಿ ಹೊಡೆತದ ಫಲವನ್ನು ಮುಂದಿಟ್ಟ ಭಾಸನಿಗೆ ವಿನೋದವು ತಿಳಿದಿರಲಿಲ್ಲವೆಂದು ಯಾರು ಹೇಳುವರು?

ಇದೇ ಗದಾಯುದ್ಧವನ್ನು ಕನ್ನಡಿಸಿದವನು ಮುಧೋಳದ ಬಳೆಗಾರ ಕುಲದ ರನ್ನ. ಭಾರತದ ಕಥೆಯನ್ನೆಲ್ಲ ಹಿಂದಿರುಗಿ ನೋಡುವ ಸಿಂಹಾವಲೋಕನಕ್ರಮವನ್ನು ಹಿಡಿದು, ಅವನು ಆರಿಸಿಕೊಂಡದ್ದು ಯುದ್ಧದ ಕಡೆಯ ದಿನವೊಂದನ್ನೇ. ಗದೆಗೆ ಗದೆ ತಾಗುವದು ಹತ್ತು ಆಶ್ವಾಸಗಳ ಕಾವ್ಯದ ಬಹುಭಾಗವು ಕಳೆದ ಮೇಲೆ. ಅದಕ್ಕೆ ಮೊದಲು ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ನಡೆಯುವನು: ಗುರು ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ. ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆ ಕೈಮುಗಿದು, ಅವನ ಸಾಹಸದ ಒಂದಂಶವಾದರೂ ತನ್ನ ಮರಣಕ್ಕೆ ದೊರೆಯಲೆಂದು ಬಯಸುವನು. ವೈಶಂಪಾಯನ ಸರೋವರದಿಂದ ಅವನು ಮೇಲೇಳುವ ಹೊತ್ತಿಗೆ, ಅವನು ಸೋಲತಕ್ಕವನೆಂದು ತಿಳಿದಿದ್ದರೂ ವಾಚಕನ ಮನಸ್ಸು ಅವನ ಕಡೆಗೆ ವಾಲಿರುತ್ತದೆ. ಇರುವೆಗಳ ಅರಸನಿಗಾಗಿ ಹಾಗೆ ಯಾರ ಮನಸ್ಸು ವಾಲೀತು?

ಈ ವ್ಯಾಧಿಯು ಪರದೇಶದ್ದೇ ಎಂದು ತಿಳಿಯಬಾರದು. 2019ರಲ್ಲಿ ತೆರೆಕಂಡ ಕನ್ನಡದ ‘ಕುರುಕ್ಷೇತ್ರ’ ಚಿತ್ರವು ರನ್ನನ ಕಾವ್ಯವನ್ನೇ ಆಧಾರವೆಂದು ಹೇಳಿಕೊಂಡಿತು. ಮೂರು ಆಯಾಮಗಳಲ್ಲಿಯೂ ತೋರಿಸಲ್ಪಟ್ಟಿತು. ಆದರೆ ರನ್ನನು ಬಿಟ್ಟುಕೊಟ್ಟದ್ದನ್ನೆಲ್ಲ ಅದು ಮತ್ತೆ ಬಾಚಿಕೊಂಡು, ದ್ಯೂತದಿಂದ ಯುದ್ಧಾಂತದವರೆಗಿನ ಭಾರತವನ್ನು ಸುಮಾರು ಮೂರು ತಾಸುಗಳಲ್ಲಿ ತುರುಕಿತು. ಅತ್ತ ಮುಧೋಳ-ಲೋಕಾಪುರದ ಸೀಮೆಯಲ್ಲಿ ಶ್ರೀಕೃಷ್ಣಪಾರಿಜಾತದ ಆಟವು ಹೂವೊಂದರ ಸಲುವಾಗಿ ಮುನಿದ ಸತ್ಯಭಾಮೆಯ ಮಾತಿನ ಬಲದಿಂದಲೇ ಜನರನ್ನು ಬೆಳಗಿನವರೆಗೆ ಕೂಡ್ರಿಸಬಲ್ಲದು. ಅಲ್ಲಿ ಪರದೆಯ ವೈಭವವೂ ಇಲ್ಲ, ಯಂತ್ರವೂ ಇಲ್ಲ.

ಈ ವಾದವನ್ನು ಈಗಲೇ ಎತ್ತುವದಕ್ಕೆ ಕಾರಣವುಂಟು. ಬರೆದ ಚಿತ್ರಗಳ ಉದ್ಯಮಕ್ಕೆ ಕನ್ನಡನಾಡಿನ ಹಣವೂ ಇಳಿದಿದೆ. ಬೆಂಗಳೂರಿನ ಹೊಂಬಾಳೆ ಸಂಸ್ಥೆಯವರು ಅರ್ಪಿಸಿದ ‘ಮಹಾವತಾರ ನರಸಿಂಹ’ವು 2025ರ ಜುಲೈಯಲ್ಲಿ ಕನ್ನಡದಲ್ಲಿಯೂ ಬಂದಿತು, ಅದು ಏಳು ಚಿತ್ರಗಳ ಮಾಲಿಕೆಯಲ್ಲಿ ಮೊದಲನೆಯದು. ಆ ಚಿತ್ರಕ್ಕೆ ಪ್ರಹ್ಲಾದನ ಕಥೆಯ ಆಸರೆಯಿತ್ತು. ತಂದೆಮಗನ ವಿರೋಧವೇ ಸಂವಿಧಾನಕವನ್ನು ಹೊತ್ತು ನಡೆಯಿತು. ಮುಂದಿನದು ಪರಶುರಾಮನದೆಂದು ಸಾರಿರುವರು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಡೆದುಹೋಗುವ ಈ ಸೀಮೆಯವರಿಗೆ ರೇಣುಕೆಯ ಕಥೆಯು ಹೊಸದಲ್ಲ. ಇಪ್ಪತ್ತೊಂದು ಸಲ ಕ್ಷತ್ರಿಯರನ್ನು ಸಂಹರಿಸಿದವನ ಚಿತ್ರದಲ್ಲಿ ಕೊಡಲಿಯ ಹೊಳಪಿಗೆ ಕೊರತೆಯಾಗಲಾರದು. ತಂದೆಯ ಮಾತಿಗೆ ತಾಯಿಯ ತಲೆಯನ್ನು ಕಡಿದು ನಿಂತ ಮಗನ ಮುಖವನ್ನು ಬರೆಯತಕ್ಕವರು ಯಾರು?