ಮನೆ ಬೆಲೆಯ ಉಬ್ಬರದಲ್ಲಿ ಬೊಕ್ಕಸದ ಪಾಲು

2007ರಲ್ಲಿ ಐರ್ಲೆಂಡ್ ಸರ್ಕಾರದ ಲೆಕ್ಕಪತ್ರ ನೋಡಿದವರಿಗೆ ಅದರಲ್ಲಿ ಹುಳುಕು ಹುಡುಕುವುದು ಕಷ್ಟವಿತ್ತು. ಸಾರ್ವಜನಿಕ ಸಾಲ ಜಿಡಿಪಿಯ ಶೇ 25ರ ಆಸುಪಾಸಿನಲ್ಲಿತ್ತು. ಜರ್ಮನಿ, ಫ್ರಾನ್ಸ್‌ಗಳ ಸಾಲ ಆಗಲೇ ಶೇ 60 ದಾಟಿತ್ತು. ಹಿಂದಿನ ವರ್ಷದ ಬಜೆಟ್‌ನಲ್ಲಿ ಹಣ ಮಿಕ್ಕಿತ್ತು, ನಿರುದ್ಯೋಗ ಶೇ 5ನ್ನು ಮೀರಿರಲಿಲ್ಲ. ಐದೇ ವರ್ಷಗಳಲ್ಲಿ ಆ ದೇಶದ ಸಾಲ ಶೇ 120ಕ್ಕೆ ಏರಿತು, ನಿರುದ್ಯೋಗ ಶೇ 15ರ ಹತ್ತಿರ ಹೋಯಿತು. ಯುದ್ಧ ನಡೆದಿರಲಿಲ್ಲ, ಬರ ಬಿದ್ದಿರಲಿಲ್ಲ. ಮನೆಗಳ ಬೆಲೆ ಕುಸಿದಿತ್ತು.

ರಿಯಲ್ ಎಸ್ಟೇಟ್ ಗುಳ್ಳೆಯ ಬಗ್ಗೆ ಮಾತು ಬಂದಾಗಲೆಲ್ಲ ದುರಾಸೆಯ ಬಿಲ್ಡರು, ಕಣ್ಣುಮುಚ್ಚಿ ಸಾಲ ಕೊಟ್ಟ ಬ್ಯಾಂಕು, ಆಸೆಗೆ ಬಿದ್ದ ಗ್ರಾಹಕ ಎಂದು ಮೂವರತ್ತ ಬೆರಳು ತೋರಿಸುವುದು ರೂಢಿ. ನಾಲ್ಕನೆಯ ಪಾಲುದಾರನೊಬ್ಬನಿದ್ದಾನೆ. ಆತನ ಹೆಸರು ಸರ್ಕಾರದ ಬೊಕ್ಕಸ. ಬೆಲೆ ಏರಿದಷ್ಟೂ ಅದರ ವರಮಾನ ಹೆಚ್ಚುತ್ತದೆ. ಬ್ರೇಕ್ ಹಾಕಬೇಕಾದವರೇ ಫಲಾನುಭವಿಗಳಾಗಿಬಿಟ್ಟರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಐರ್ಲೆಂಡಿನಷ್ಟು ಸ್ಪಷ್ಟವಾದ ಉದಾಹರಣೆ ಮತ್ತೊಂದಿಲ್ಲ.

ಅಲ್ಲಿ 1990ರ ದಶಕದ ಏಳಿಗೆ ನಿಜವಾದದ್ದೇ. ಔಷಧ, ಕಂಪ್ಯೂಟರ್ ಕಂಪನಿಗಳು ಬಂದವು, ರಫ್ತು ಬೆಳೆಯಿತು, ಸಂಬಳ ಏರಿತು. ಆದರೆ ಹೊಸ ಶತಮಾನ ಕಾಲಿಟ್ಟ ಮೇಲೆ ರಫ್ತಿನ ಜಾಗವನ್ನು ಇಟ್ಟಿಗೆ ಮತ್ತು ಸಿಮೆಂಟ್ ಹಿಡಿದವು. ಯೂರೊ ಸೇರಿದ್ದರಿಂದ ಬಡ್ಡಿ ಇಳಿದಿತ್ತು. ಅಲ್ಲಿನ ಬ್ಯಾಂಕುಗಳು ಠೇವಣಿ ಸಾಲದೆ ವಿದೇಶಿ ಬ್ಯಾಂಕುಗಳಿಂದ ಹಣ ತಂದು ಗೃಹಸಾಲ ಹಂಚಿದವು. 2003ರಲ್ಲಿ ಜಿಡಿಪಿಯ ಶೇ 10ರಷ್ಟಿದ್ದ ಈ ವಿದೇಶಿ ಸಾಲ 2008ರ ಆರಂಭಕ್ಕೆ ಶೇ 60 ದಾಟಿತು. ಕೈಯಿಂದ ಬಿಡಿಗಾಸೂ ಹಾಕದೆ ಮನೆಯ ಪೂರ್ತಿ ಬೆಲೆಗೆ ಸಾಲ ಸಿಗುವ ಕಾಲವೂ ಬಂತು. ಸುಮಾರು 42 ಲಕ್ಷ ಜನರಿದ್ದ ಪುಟ್ಟ ದೇಶ 2006ರಲ್ಲಿ 90 ಸಾವಿರದಷ್ಟು ಮನೆ ಕಟ್ಟಿತು. ದುಡಿಯುವ ಎಂಟು ಮಂದಿಯಲ್ಲಿ ಒಬ್ಬರು ಕಟ್ಟಡದ ಕೆಲಸದಲ್ಲಿದ್ದರು.

ಸರ್ಕಾರ ಸುಮ್ಮನೆ ನೋಡುತ್ತ ಕೂತಿರಲಿಲ್ಲ, ಬೆಂಕಿಗೆ ತುಪ್ಪ ಸುರಿಯಿತು. ಲೀಟ್ರಿಮ್, ಲಾಂಗ್‌ಫರ್ಡ್‌ನಂತಹ ಹಿಂದುಳಿದ ಗ್ರಾಮೀಣ ಕೌಂಟಿಗಳಲ್ಲಿ ಮನೆ ಕಟ್ಟಿದವರಿಗೆ 1998ರಿಂದ ತೆರಿಗೆ ರಿಯಾಯಿತಿ ಕೊಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ವಾಸಕ್ಕೆ ಜನ ಬೇಕೆಂಬುದನ್ನು ಮರೆತು, ತೆರಿಗೆ ಉಳಿಸಲೆಂದೇ ಬಡಾವಣೆಗಳೆದ್ದವು. 2010ರ ಸಮೀಕ್ಷೆಯಲ್ಲಿ ದೇಶದಾದ್ಯಂತ 2,800ಕ್ಕೂ ಹೆಚ್ಚು ಬಡಾವಣೆಗಳು ಅರೆಬರೆ ನಿಂತಿರುವುದು ಕಂಡುಬಂತು. ಎಷ್ಟೋ ಕಡೆ ಬೀದಿದೀಪವಿಲ್ಲ, ಚರಂಡಿಯಿಲ್ಲ. ಸಾಲಾಗಿ ನಿಂತ ಖಾಲಿ ಮನೆಗಳ ನಡುವೆ ಒಂದೆರಡು ಕುಟುಂಬಗಳು ಕಂತು ಕಟ್ಟುತ್ತ ಬದುಕಿದವು.

ಬೊಕ್ಕಸದ ಕಥೆ ಇನ್ನೂ ಗಂಭೀರ. ಮುದ್ರಾಂಕ ಶುಲ್ಕ, ಆಸ್ತಿ ಮಾರಾಟದ ಲಾಭದ ಮೇಲಿನ ತೆರಿಗೆ ಮತ್ತು ಕಂಪನಿ ತೆರಿಗೆ ಸೇರಿ 1987ರಲ್ಲಿ ಒಟ್ಟು ತೆರಿಗೆಯ ಶೇ 8ರಷ್ಟಿದ್ದವು. 2006ರ ಹೊತ್ತಿಗೆ ಅವುಗಳ ಪಾಲು ಶೇ 30. ಈ ಹಣದ ಭರವಸೆಯ ಮೇಲೆ ಆದಾಯ ತೆರಿಗೆಯ ಗರಿಷ್ಠ ದರವನ್ನು ಹತ್ತು ವರ್ಷಗಳಲ್ಲಿ ಶೇ 48ರಿಂದ ಶೇ 41ಕ್ಕೆ ಇಳಿಸಲಾಯಿತು, ಸರ್ಕಾರಿ ಸಂಬಳ ಏರಿಸಲಾಯಿತು. ಹೀಗೆ ಇವತ್ತಿದ್ದು ನಾಳೆ ಇಲ್ಲವಾಗುವ ವರಮಾನದ ಮೇಲೆ ಕಾಯಂ ಖರ್ಚು ಕೂತಿತು. ಮಿಗತೆ ಬಜೆಟ್ಟನ್ನು ಆರೋಗ್ಯದ ಗುರುತೆಂದು ಎಲ್ಲರೂ ಹೊಗಳಿದರು. ಅದು ಜ್ವರದ ಲಕ್ಷಣವಾಗಿತ್ತು.

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. ಡಬ್ಲಿನ್‌ನ ಅರ್ಥಶಾಸ್ತ್ರಜ್ಞ ಮಾರ್ಗನ್ ಕೆಲ್ಲಿ, ಬೆಲೆ ಅರ್ಧದಷ್ಟು ಬೀಳಬಹುದೆಂದು ಕುಸಿತಕ್ಕೆ ಮೊದಲೇ ಬರೆದಿದ್ದರು. ಪ್ರಧಾನಿ ಬರ್ಟಿ ಅಹರ್ನ್ 2007ರ ಜುಲೈನಲ್ಲಿ ಇಂಥ ನಿರಾಶಾವಾದಿಗಳನ್ನು ಸಾರ್ವಜನಿಕವಾಗಿ ಹೀಯಾಳಿಸಿ, ಆಮೇಲೆ ಆಡಿದ ಮಾತಿಗೆ ವಿಷಾದಿಸಬೇಕಾಯಿತು. 2013ರ ವೇಳೆಗೆ ಬೆಲೆ ಅರ್ಧಕ್ಕಿಂತ ಹೆಚ್ಚು ಬಿದ್ದಿತ್ತು.

2008ರ ಸೆಪ್ಟೆಂಬರ್ ಕೊನೆಯ ರಾತ್ರಿಗಳಲ್ಲೊಂದರಲ್ಲಿ ಸರ್ಕಾರ ಆರು ಹಣಕಾಸು ಸಂಸ್ಥೆಗಳ ಬಹುತೇಕ ಎಲ್ಲ ಬಾಧ್ಯತೆಗೂ ಖಾತರಿ ನಿಂತಿತು. ಮೊತ್ತ 440 ಶತಕೋಟಿ ಯೂರೊ, ದೇಶದ ವಾರ್ಷಿಕ ಜಿಡಿಪಿಯ ಎರಡು ಪಟ್ಟಿಗೂ ಹೆಚ್ಚು. ಬ್ಯಾಂಕುಗಳನ್ನು ಉಳಿಸಲು ಕೊನೆಗೆ ಸುರಿದದ್ದು 64 ಶತಕೋಟಿ. ಕೂಸು ಮುದುಕರನ್ನೂ ಲೆಕ್ಕಕ್ಕೆ ಹಿಡಿದರೆ ತಲೆಗೆ ಸುಮಾರು 14 ಸಾವಿರ ಯೂರೊ. 2010ರ ನವೆಂಬರ್‌ನಲ್ಲಿ ಐಎಂಎಫ್ ಮತ್ತು ಯುರೋಪಿನ ಮುಂದೆ ಕೈಚಾಚಬೇಕಾಯಿತು. ಸರ್ಕಾರಿ ನೌಕರರ ಸಂಬಳಕ್ಕೆ ಕತ್ತರಿ ಬಿತ್ತು, ಕನಿಷ್ಠ ವೇತನವನ್ನೂ ಕೆಲವು ತಿಂಗಳು ಇಳಿಸಲಾಯಿತು, ಯುವಕರು ಆಸ್ಟ್ರೇಲಿಯಾ, ಕೆನಡಾದ ದಾರಿ ಹಿಡಿದರು. ಬಾಡಿಗೆ ಮನೆಯಲ್ಲೇ ಇದ್ದ ದಾದಿ, ಸೈಟು ಕೊಳ್ಳುವ ಕನಸನ್ನೂ ಕಾಣದ ಹೋಟೆಲ್ ಕಾರ್ಮಿಕ ಆ ಸಾಲ ತೀರಿಸಿದರು. ಷೇರುಪೇಟೆ ಬಿದ್ದರೆ ಹೂಡಿದವರು ಮುಖ್ಯವಾಗಿ ಕಳೆದುಕೊಳ್ಳುತ್ತಾರೆ. ಮನೆಯ ಗುಳ್ಳೆ ಸಾಲದ ಮೇಲೆ ನಿಂತಿರುವುದರಿಂದ ಅದು ಒಡೆದಾಗ ಬ್ಯಾಂಕು, ಉದ್ಯೋಗ, ತೆರಿಗೆ ಮೂರೂ ಒಟ್ಟಿಗೆ ಕುಸಿಯುತ್ತವೆ.

ಚೀನಾದಲ್ಲೂ ಇದೇ ಬೇನೆ ಬೇರೆ ರೂಪದಲ್ಲಿ ಕಾಣಿಸಿದೆ. ಅಲ್ಲಿನ ಸ್ಥಳೀಯ ಸರ್ಕಾರಗಳು ಜಮೀನಿನ ಹಕ್ಕು ಮಾರಿ 2021ರಲ್ಲಿ 8.7 ಲಕ್ಷ ಕೋಟಿ ಯುವಾನ್ ಗಳಿಸಿದ್ದವು. ಎವರ್‌ಗ್ರ್ಯಾಂಡ್ ಎಂಬ ದೊಡ್ಡ ಬಿಲ್ಡರ್ ಕಂಪನಿ ಸಾಲ ತೀರಿಸಲಾಗದೆ ಬಿದ್ದ ನಂತರ, 2024ರಲ್ಲಿ ಆ ವರಮಾನ ಸುಮಾರು ಅರ್ಧಕ್ಕೆ ಇಳಿಯಿತು.

ಭಾರತವನ್ನು ಐರ್ಲೆಂಡಿಗೆ ಹೋಲಿಸಿ ಹೆದರಿಸುವುದು ಸರಿಯಲ್ಲ. ವೈ.ವಿ. ರೆಡ್ಡಿ ಗವರ್ನರ್ ಆಗಿದ್ದಾಗ, 2005–06ರಲ್ಲಿ, ವಾಣಿಜ್ಯ ರಿಯಲ್ ಎಸ್ಟೇಟ್ ಸಾಲಕ್ಕೆ ಬ್ಯಾಂಕುಗಳು ಹೆಚ್ಚು ಬಂಡವಾಳ ತೆಗೆದಿಡುವಂತೆ ರಿಸರ್ವ್ ಬ್ಯಾಂಕ್ ಕಟ್ಟುನಿಟ್ಟು ಮಾಡಿತ್ತು. ಇಂದಿಗೂ 75 ಲಕ್ಷ ರೂಪಾಯಿ ಮೀರಿದ ಗೃಹಸಾಲ ಮನೆ ಮೌಲ್ಯದ ಶೇ 75ನ್ನು ದಾಟುವಂತಿಲ್ಲ. ಬ್ಯಾಂಕುಗಳ ಮಟ್ಟಿಗೆ ಬೇಲಿ ಇದೆ. ಬೇಲಿ ಇಲ್ಲದಿರುವುದು ರಾಜ್ಯಗಳ ಬೊಕ್ಕಸಕ್ಕೆ.

ಕರ್ನಾಟಕದ ಸ್ವಂತ ತೆರಿಗೆ ವರಮಾನದ ನಾಲ್ಕು ದೊಡ್ಡ ಮೂಲಗಳಲ್ಲಿ ಮುದ್ರಾಂಕ ಮತ್ತು ನೋಂದಣಿಯೂ ಒಂದು. ಅದರ ಸಿಂಹಪಾಲು ಬರುವುದು ಬೆಂಗಳೂರಿನ ಆಸುಪಾಸಿನಿಂದ. 2023ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ದರ ಏರಿತು, 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ದುಪ್ಪಟ್ಟಾಯಿತು. ವರಮಾನ ಬೇಕೆನ್ನುವುದು ತಪ್ಪಲ್ಲ. ಆದರೆ ಸೈಟು, ಫ್ಲ್ಯಾಟಿನ ವ್ಯಾಪಾರ ಬಿಸಿಯಾಗಿದ್ದಾಗ ಬಂದ ಹಣವನ್ನು ಸಂಬಳ, ಪಿಂಚಣಿ, ಸಹಾಯಧನಗಳ ಕಾಯಂ ಲೆಕ್ಕಕ್ಕೆ ಜಮಾ ಮಾಡುವುದು ಐರ್ಲೆಂಡ್ ನಡೆದ ಹಾದಿಯೇ.

ಆ ದೇಶ ಪೆಟ್ಟು ತಿಂದು ಎರಡು ಕೆಲಸ ಮಾಡಿತು. 2015ರಲ್ಲಿ ಗೃಹಸಾಲಕ್ಕೆ ವಾರ್ಷಿಕ ಆದಾಯದ ಮೂರೂವರೆ ಪಟ್ಟಿನ ಮಿತಿ ಹಾಕಿತು, ಮೊದಲ ಮನೆ ಕೊಳ್ಳುವವರಿಗೆ ಮುಂದೆ ಅದನ್ನು ನಾಲ್ಕು ಪಟ್ಟಿಗೆ ಸಡಿಲಿಸಿತು. ಈಗ ಬೆರಳೆಣಿಕೆಯ ಬಹುರಾಷ್ಟ್ರೀಯ ಕಂಪನಿಗಳಿಂದ ಹರಿದುಬರುತ್ತಿರುವ ತೆರಿಗೆಯನ್ನು ನಂಬಲಾಗದೆಂದು ವರ್ಷಕ್ಕೆ ಜಿಡಿಪಿಯ ಶೇ 0.8ರಷ್ಟನ್ನು ಎತ್ತಿಡುವ ನಿಧಿಯನ್ನು 2024ರಲ್ಲಿ ಸ್ಥಾಪಿಸಿತು. ನಮ್ಮ ಹಣಕಾಸು ಇಲಾಖೆಯೂ ನೋಂದಣಿ ವರಮಾನದಲ್ಲಿ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಹೆಚ್ಚು ಬಂದದ್ದನ್ನು ಪ್ರತ್ಯೇಕವಾಗಿ ತೋರಿಸಿ, ಅದನ್ನು ಕುಡಿಯುವ ನೀರು, ಒಳಚರಂಡಿ, ಬಾಡಿಗೆಗೆ ಸಿಗುವ ಸರ್ಕಾರಿ ಮನೆಗಳಂತಹ ಒಮ್ಮೆ ಕಟ್ಟಿ ಮುಗಿಸುವ ಕೆಲಸಗಳಿಗೆ ಮಾತ್ರ ಬಳಸುವ ನಿಯಮ ಮಾಡಬಹುದು. ಬಜೆಟ್ ದಾಖಲೆಯಲ್ಲಿ ಅದಕ್ಕೆ ಒಂದು ಪುಟ ಸಾಕು.