ಹೊಸ ಕೋಚ್‌ಗೆ ಒಂದು ಸೀಜನ್ ಆದರೂ ಕೊಡಬೇಕು



ತಂಡ ಗೆದ್ದರೆ ಮಂದಿ ಆಟಗಾರರನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಸೋತರೆ ಮಾತ್ರ "ಕೋಚ್ ಸರಿ ಇಲ್ಲ, ತಗೀರಿ" ಅಂತಾರ. ಇದು ಯಾವ ನ್ಯಾಯ? ಹೊಸದಾಗಿ ಬಂದ ಕೋಚ್‌ನ ಬೆಲೆಯನ್ನು ಒಂದೆರಡು ಆಟ ನೋಡಿ ಕಟ್ಟಬಾರದು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ನಮ್ಮ ರಾಜ್ಯದ ಬೆಂಗಳೂರು ಬುಲ್ಸ್ ಕಬಡ್ಡಿ ತಂಡವೇ ಸಾಕ್ಷಿ.

2024ರ ಪ್ರೊ ಕಬಡ್ಡಿಯಲ್ಲಿ ಬುಲ್ಸ್ ತಂಡ 22 ಪಂದ್ಯ ಆಡಿ ಗೆದ್ದದ್ದು ಬರೇ 2. ಹನ್ನೆರಡು ತಂಡಗಳಲ್ಲಿ ಕಟ್ಟಕಡೆಯ ಸ್ಥಾನ. ಪ್ರದೀಪ್ ನರ್ವಾಲ್‌ನಂಥ ದೊಡ್ಡ ರೇಡರ್ ಇದ್ದೂ ಹೀಗಾಯಿತು. ಅಂದರೆ ಹೆಸರು ಮಾಡಿದ ಒಬ್ಬ ಆಟಗಾರ ಇದ್ದ ಮಾತ್ರಕ್ಕೆ ತಂಡ ಗೆಲ್ಲುವುದಿಲ್ಲ.

2025ರಲ್ಲಿ ಬಿ.ಸಿ. ರಮೇಶ್ ಅವರು ಮುಖ್ಯ ಕೋಚ್ ಆಗಿ ಬಂದರು. ಇವರು ಕರ್ನಾಟಕದವರೇ, ಅರ್ಜುನ ಪ್ರಶಸ್ತಿ ಪಡೆದ ಆಟಗಾರರು. 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡಕ್ಕೂ, 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ ತಂಡಕ್ಕೂ ಕಪ್ ಗೆಲ್ಲಿಸಿ ಕೊಟ್ಟವರು. ಇಷ್ಟು ದೊಡ್ಡವರು ಬಂದ ಕೂಡಲೇ ಬುಲ್ಸ್ ಗೆದ್ದಿತೇ? ಇಲ್ಲ! ಮೊದಲ ಪಂದ್ಯ ಪುಣೇರಿ ಪಲ್ಟನ್ ಜೊತೆ 32-32 ಸಮ ಆಗಿ, ಟೈ ಬ್ರೇಕರ್‌ನಲ್ಲಿ ಸೋತರು. ಆಮೇಲೆ ಮತ್ತೆರಡು ಸೋಲು. ಅವತ್ತೇ "ಈ ಕೋಚ್ ಬ್ಯಾಡ" ಅಂದು ಕಳಿಸಿದ್ದರೆ ಏನಾಗುತ್ತಿತ್ತು? ಕಳಿಸಲಿಲ್ಲ. ಲೀಗ್ ಮುಗಿಯುವ ಹೊತ್ತಿಗೆ 18 ಪಂದ್ಯಗಳಲ್ಲಿ 11 ಗೆದ್ದು ಮೂರನೇ ಸ್ಥಾನಕ್ಕೆ ಏರಿದರು. ಯೋಗೇಶ್ ನಾಯಕ, ಇರಾನ್ ದೇಶದ ಅಲಿರೇಜಾ ರೇಡರ್. ಕಡೆಗೆ ಪ್ಲೇ ಆಫ್‌ನಲ್ಲಿ ತೆಲುಗು ಟೈಟನ್ಸ್‌ಗೂ ಪಾಟ್ನಾ ಪೈರೇಟ್ಸ್‌ಗೂ ಸೋತು ಹೊರಬಿದ್ದರು. ಕಪ್ ಬರಲಿಲ್ಲ ಖರೆ. ಆದರೂ ಕಡೆಯ ಸ್ಥಾನದಿಂದ ಮೂರಕ್ಕೆ ಬಂದದ್ದು ಸಣ್ಣ ಮಾತಲ್ಲ.

"ಕೋಚ್ ಒಬ್ಬರೇ ಅಲ್ಲ, ಆಟಗಾರರೂ ಬದಲಾಗಿದ್ರಲ್ಲ?" ಎಂದು ನೀವು ಕೇಳಬಹುದು. ಹೌದು, ಬದಲಾಗಿದ್ದರು. ಆದರೆ ಬೇರೆ ಬೇರೆ ಕಡೆಯಿಂದ ಬಂದ ಏಳು ಮಂದಿಯನ್ನು ಒಂದೇ ಕೈ ಹಾಗೆ ಆಡಿಸುವುದೇ ಕೋಚ್‌ನ ಕೆಲಸ. ಚೈನ್ ಹಿಡಿಯುವಾಗ ಒಬ್ಬ ಮುಂದೆ ಹೋಗಿ ಇನ್ನೊಬ್ಬ ಹಿಂದೆ ಉಳಿದರೆ ರೇಡರ್ ನಡುವೆ ಪಾರಾಗಿ ಹೋಗುತ್ತಾನೆ. ಆ ಹೊಂದಾಣಿಕೆ ಎಂಟು ದಿನದಲ್ಲಿ ಬರುವುದಿಲ್ಲ.

ಈಗ ನಮ್ಮ ಶಾಲೆಯ ಮಾತು. ಈ ವರ್ಷ ವಲಯ ಮಟ್ಟದಲ್ಲಿ ನಾವು ಮೊದಲ ಆಟದಲ್ಲೇ ಸೋತೆವು. "ಹೊಸಾ ಪಿ.ಟಿ. ಸರ್ ಬಂದ ಮ್ಯಾಲ ಆಟ ಕೆಟ್ಟೈತಿ" ಎಂದು ಊರ ಕಟ್ಟೆಯ ಮೇಲೆ ಮಾತಾಡುತ್ತಾರೆ. ಹೋದ ವರ್ಷದ ಇಬ್ಬರು ಒಳ್ಳೇ ರೇಡರ್ ಏಳನೇ ಪಾಸಾಗಿ ಹೈಸ್ಕೂಲಿಗೆ ಹೋದರು ಎಂಬುದನ್ನು ಯಾರೂ ಹೇಳುವುದಿಲ್ಲ. ಸರ್ ದಿನಾಲೂ ಸಂಜೆ ಓಡಿಸುತ್ತಾರೆ, ಬೀಳುವುದನ್ನೂ ಹಿಡಿಯುವುದನ್ನೂ ಕಲಿಸುತ್ತಾರೆ. ಬರೇ ರೇಡ್ ಬೇಕು ಎನ್ನುವ ಕೆಲವರಿಗೆ ಅದು ಬೇಸರ. ಅವರು ಅಭ್ಯಾಸಕ್ಕೆ ಬರುವುದನ್ನೇ ಬಿಟ್ಟಿದ್ದಾರೆ. ಹೀಗಾದರೆ ಬರುವ ವರ್ಷ ಏಳು ಮಂದಿಯ ತಂಡವೇ ಆಗುವುದಿಲ್ಲ! ಆಗ ಯಾರನ್ನು ಬೈಯುವುದು?

ನಮ್ಮೂರಿನವರಿಗೆ ಕಬ್ಬಿನ ಲೆಕ್ಕ ಗೊತ್ತು. ಕಬ್ಬು ಹಚ್ಚಿದ ತಿಂಗಳಿಗೇ ಉಗಾರ ಕಾರ್ಖಾನೆಗೆ ಕಳಿಸುತ್ತಾರೇನು? ವರ್ಷಗಟ್ಟಲೆ ನೀರು ಬಿಟ್ಟು, ಗೊಬ್ಬರ ಹಾಕಿ, ಕಳೆ ತೆಗೆದು ಕಾಯುತ್ತಾರೆ. ಬೆಳೆಗೆ ಕೊಡುವಷ್ಟು ಟೈಮ್ ಹುಡುಗರ ತಂಡಕ್ಕೆ ಯಾಕ ಕೊಡಬಾರದು?

ದೊಡ್ಡವರಲ್ಲಿ ನನ್ನ ವಿನಂತಿ: ಅಭ್ಯಾಸದ ಹೊತ್ತಿನಲ್ಲಿ ಗೆರೆಯ ಹೊರಗೆ ನಿಂತು ಒಬ್ಬೊಬ್ಬರು ಒಂದೊಂದು ಹೇಳಬೇಡಿರಿ. ಹುಡುಗರು ಯಾರ ಮಾತು ಕೇಳಬೇಕು? ಗೆಳೆಯರಲ್ಲಿ ವಿನಂತಿ: ಬಿಟ್ಟವರು ಸೋಮವಾರದಿಂದ ಮತ್ತೆ ಮೈದಾನಕ್ಕೆ ಬನ್ನಿ. ಒಂದು ವರ್ಷ ಮನಸ್ಸಿಟ್ಟು ಆಡಿ, ಆಮೇಲೂ ಆಟ ಸುಧಾರಿಸದಿದ್ದರೆ ಮಾತಾಡೋಣ.

ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಗೆ ಬರೆದು ಕೊಡಿರಿ. ಓದಿ ಉತ್ತರ ಬರೆಯುತ್ತೇನೆ.

– 7ನೇ ತರಗತಿ ವಿದ್ಯಾರ್ಥಿ, ಶಿರಗುಪ್ಪಿ